ಮಡಿ ಇಲ್ಲದ ಬ್ಯಾಟರಿ

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬಳಸುವವರಿಗೆ ಬಿಳಿ ಕರೆಯ ಬಗ್ಗೆ ಪಾಠ ಬೇಕಿಲ್ಲ. ಬಕೆಟ್ ಒಳಗೆ, ನಲ್ಲಿಯ ಬಾಯಲ್ಲಿ, ಗೀಸರ್ ಕಾಯಿಲ್ ಮೇಲೆ, ಎಲ್ಲೆಲ್ಲೂ ಸುಣ್ಣ. ಹುಣಸೆಹುಳಿ ಹಾಕಿ ಉಜ್ಜಿದರೆ ಹೋಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಹಾಜರ್. ಯುಪಿಎಸ್ ಬ್ಯಾಟರಿಗಂತೂ ಈ ನೀರು ಆಗಿಬರುವುದೇ ಇಲ್ಲ, ಡಿಸ್ಟಿಲ್ಡ್ ವಾಟರೇ ಬೇಕು. ಅಷ್ಟು ಮಡಿ ಅದಕ್ಕೆ!

ಕರೆಂಟ್ ಮಾಡುವ ಮೀನಿಗೆ ಈ ಮಡಿ ಇಲ್ಲ. ದಕ್ಷಿಣ ಅಮೆರಿಕದ ಎಲೆಕ್ಟ್ರಿಕ್ ಈಲ್ ಕರೆಂಟ್ ಮಾಡುವುದೇ ಉಪ್ಪಿನಂಶದಿಂದ. ಅದರ ಮೈಯ ಬಹುಪಾಲು ವಿದ್ಯುತ್ ಅಂಗವೇ. ಹೊಟ್ಟೆ, ಕರುಳು ಎಲ್ಲ ತಲೆಯ ಹತ್ತಿರ ಒತ್ತರಿಸಿಕೊಂಡು ಕೂತಿವೆ. ಅಂಗದೊಳಗೆ ಚಪ್ಪಟೆ ಜೀವಕೋಶಗಳು ಸಾವಿರಾರು, ಸಾಲಾಗಿ. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ನರದಿಂದ ಅಪ್ಪಣೆ ಬಂತೋ, ಕೋಶದ ಒಂದು ಬದಿಯಿಂದ ಸೋಡಿಯಂ ಒಳಗೆ ನುಗ್ಗುತ್ತದೆ. ಒಂದು ಕೋಶದ ಪಾಲು ಸುಮಾರು 0.15 ವೋಲ್ಟ್, ಅಷ್ಟೇ. ಎಲ್ಲ ಸೇರಿದರೆ? 2019ರಲ್ಲಿ ಬೇರೆ ಜಾತಿ ಎಂದು ಗುರುತಿಸಿದ ಎಲೆಕ್ಟ್ರೋಫೋರಸ್ ವೋಲ್ಟೈ ಮೀನಿನಲ್ಲಿ 860 ವೋಲ್ಟ್ ಅಳೆದಿದ್ದಾರೆ. ನಮ್ಮ ಗೋಡೆಯ ಪ್ಲಗ್‌ನಲ್ಲಿರುವುದು 230. ಆದರೆ ಆ ಹೊಡೆತ ಒಂದೆರಡು ಮಿಲಿಸೆಕೆಂಡಿನದು, ಫ್ಯಾನ್ ತಿರುಗಿಸುವ ಆಸೆ ಬೇಡ.

ವೋಲ್ಟೈ ಎಂಬ ಆ ಹೆಸರಿನ ಒಡೆಯ ಇಟಲಿಯ ವಿಜ್ಞಾನಿ ವೋಲ್ಟಾ. 1800ರಲ್ಲಿ ಎರಡು ಲೋಹಗಳ ಬಿಲ್ಲೆ ಪೇರಿಸಿ, ನಡುನಡುವೆ ಉಪ್ಪುನೀರಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಬ್ಯಾಟರಿ ಮಾಡಿದ. ಅದನ್ನು ಶಾಕ್ ಹೊಡೆಯುವ ಇನ್ನೊಂದು ಮೀನು ಟಾರ್ಪಿಡೊಗೆ ಹೋಲಿಸಿ, ಕೃತಕ ವಿದ್ಯುತ್ ಅಂಗ ಅಂತಲೇ ಕರೆದ. ಅಂದರೆ ಬ್ಯಾಟರಿಗಳ ಮೂಲಪುರುಷನಿಗೂ ಮಡಿ ಇರಲಿಲ್ಲ ನೋಡಿ.

ಟಾರ್ಪಿಡೊ ಕಡಲಿನದು. ಉಪ್ಪುನೀರಲ್ಲಿ ಕರೆಂಟ್ ಸಲೀಸಾಗಿ ಹರಿಯುವುದರಿಂದ ಅದಕ್ಕೆ ಈಲ್‌ನಷ್ಟು ವೋಲ್ಟೇಜ್ ಬೇಡ. ನನಗೆ ಅದರಲ್ಲಿ ಮಜಾ ಅನಿಸುವುದು ಕ್ಯಾಲ್ಸಿಯಂ. ಹೌದು, ಬಕೆಟ್ಟಿನ ಕರೆಯಲ್ಲಿರುವ ಅದೇ ಕ್ಯಾಲ್ಸಿಯಂ. ಟಾರ್ಪಿಡೊದ ವಿದ್ಯುತ್ ಅಂಗಕ್ಕೆ ಬಂದು ಸೇರುವ ನರಗಳ ತುದಿಯಲ್ಲಿ ಕಣ್ಣಿಗೆ ಕಾಣದ ಚೀಲಗಳಿವೆ. ಅವುಗಳಲ್ಲಿ ಸಂದೇಶ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲಿನ್ ಮತ್ತು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಜತೆ ಕ್ಯಾಲ್ಸಿಯಂ ಕೂಡ ದಾಸ್ತಾನಾಗಿರುತ್ತದೆ. ಹೊರಗಿನಿಂದ ಕ್ಯಾಲ್ಸಿಯಂ ನರತುದಿಯೊಳಗೆ ಬಂದಾಗಲೇ ಚೀಲದ ಬಾಯಿ ಬಿಚ್ಚಿ, ಸಂದೇಶ ಕೋಶಕ್ಕೆ ಮುಟ್ಟುವುದು. ಕೆಲಸ ಮುಗಿದ ಕೂಡಲೇ ಅದನ್ನು ಆಚೆ ತಳ್ಳಬೇಕು, ಇಲ್ಲವೇ ಎಲ್ಲಾದರೂ ಕೂಡಿಡಬೇಕು. ಸುಮ್ನೆ ಒಳಗೇ ಬಿಟ್ಟರೆ ನರಕ್ಕೇ ಅಪಾಯ. ಈ ಲೆಕ್ಕಾಚಾರ ಮೀನಿನದ್ದು ಮಾತ್ರವಲ್ಲ. ನಮ್ಮ ಕೈಬೆರಳು ಆಡುವುದೂ ಹೀಗೇ.

ಇಂಥ ಮೀನನ್ನು ನೋಡಲು ಅಮೆಜಾನ್‌ಗೇ ಹೋಗಬೇಕೆಂದೇನಿಲ್ಲ. ಊರಿನ ಅಕ್ವೇರಿಯಂ ಅಂಗಡಿಗಳಲ್ಲಿ ಬ್ಲ್ಯಾಕ್ ಘೋಸ್ಟ್ ಸಿಗುತ್ತದೆ. ಕಪ್ಪು ಮೈ, ಬಾಲದಲ್ಲಿ ಎರಡು ಬಿಳಿ ಪಟ್ಟಿ, ಹೊಟ್ಟೆಯುದ್ದಕ್ಕೂ ಅಲೆಯಾಡುವ ಒಂದೇ ರೆಕ್ಕೆ. ಮುಂದಕ್ಕೆ ಹೋದಷ್ಟೇ ಸಲೀಸಾಗಿ ಹಿಂದಕ್ಕೂ ಹೋಗುತ್ತದೆ. ಅದರ ಕರೆಂಟ್ ತೀರಾ ಸಣ್ಣದು, ಕೈಯಿಟ್ಟರೂ ಗೊತ್ತಾಗದು. ಸೆಕೆಂಡಿಗೆ ಸುಮಾರು ಸಾವಿರ ಸಲ ಮಿಡಿಯುತ್ತಾ, ಕತ್ತಲಲ್ಲಿ ದಾರಿ ಹುಡುಕಲು ಅದನ್ನೇ ಬಳಸುತ್ತದೆ. ಹಗಲು ರಾತ್ರಿ ಬಿಡುವಿಲ್ಲ. ಏರಿಯಾದಲ್ಲಿ ಕರೆಂಟ್ ಹೋಗಿ ಏರ್ ಪಂಪ್ ನಿಂತರೂ ಇದು ಮಾತ್ರ ಆನ್.