ರಸ್ತೆ ಪರೀಕ್ಷೆ ಹೊಗೆಗೆ, ಮೈಲೇಜಿಗಲ್ಲ: ಒಂದು ಸ್ಪಷ್ಟನೆ

2023ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 (ಭಾರತ್ ಸ್ಟೇಜ್ 6) ನಿಯಮದ ಎರಡನೇ ಹಂತ ಜಾರಿಯಾದ ಮೇಲೆ ಕಂಪನಿಗಳು ಘೋಷಿಸುವ ಮೈಲೇಜನ್ನು ನಿಜವಾದ ರಸ್ತೆಯಲ್ಲಿಯೇ ಅಳೆಯಲಾಗುತ್ತಿದೆ, ಆದ್ದರಿಂದ ನಗರದಲ್ಲಿಯೂ ಅಷ್ಟೇ ಸಿಗಬೇಕು ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಆ ಹಂತದಲ್ಲಿ ಕಡ್ಡಾಯವಾದ ರಸ್ತೆ ಪರೀಕ್ಷೆಯು, ಓಡುವ ಕಾರಿಗೆ ಅಳವಡಿಸಿದ ಉಪಕರಣದ ಮೂಲಕ, ನೈಟ್ರೋಜನ್ ಆಕ್ಸೈಡ್‌ಗಳಂತಹ ಮಾಲಿನ್ಯಕಾರಕಗಳು ಮಿತಿಯೊಳಗಿವೆಯೇ ಎಂಬುದನ್ನು ನೋಡುತ್ತದೆ. ಬ್ರೋಷರಿನಲ್ಲಿ ಅಚ್ಚಾದ ಮೈಲೇಜಾದರೋ ಪ್ರಯೋಗಾಲಯದ ರೋಲರುಗಳ ಮೇಲೆ, ಎಸಿ ಆರಿಸಿ, ನಿಗದಿತ ವೇಗಪಟ್ಟಿಯಂತೆ ಕಾರು ಓಡಿಸಿ ಪಡೆದದ್ದು. ಈ ಪಟ್ಟಿಯ ಅವಧಿ 1180 ಸೆಕೆಂಡು, ದೂರ ಸುಮಾರು 10.6 ಕಿ.ಮೀ., ಗರಿಷ್ಠ ವೇಗ ಗಂಟೆಗೆ 90 ಕಿ.ಮೀ.; ಸರಾಸರಿ ಗಂಟೆಗೆ 32 ಕಿ.ಮೀ. ಬರುತ್ತದೆ. ಸಂಜೆ ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟುವವರು ಈ ಅಂಕಿಯನ್ನು ನೋಡಿ ನಕ್ಕರೆ ತಪ್ಪಿಲ್ಲ.

ಪ್ರಯೋಗಾಲಯದಲ್ಲಿ ಇಂಧನವನ್ನು ಲೆಕ್ಕಹಾಕುವುದೂ ಹೊಗೆಯಲ್ಲಿರುವ ಇಂಗಾಲದಿಂದಲೇ: ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗೊಂದಲಕ್ಕೆ ಬಹುಶಃ ಇದೇ ಕಾರಣ. ಆದರೆ ನೈಟ್ರೋಜನ್ ಆಕ್ಸೈಡ್‌ನ ಪ್ರಮಾಣವು ದಹನದ ಉಷ್ಣತೆ ಮತ್ತು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಕಾರ್ಯವನ್ನು ಅವಲಂಬಿಸಿರುವುದರಿಂದ, ಕಡಿಮೆ ಇಂಧನ ಕುಡಿಯುವ ಡೀಸೆಲ್ ಕಾರು ಇದನ್ನು ಹೆಚ್ಚು ಉಗುಳಬಹುದು.

ಎಮಿಷನ್ ಟೆಸ್ಟ್ ಚೀಟಿಯಿಂದಲೂ ಮೈಲೇಜ್ ತಿಳಿಯದು. ಪೆಟ್ರೋಲ್ ಕಾರನ್ನು ಅಲ್ಲಿ ನಿಲ್ಲಿಸಿಕೊಂಡೇ ಪರೀಕ್ಷಿಸುತ್ತಾರೆ. ತಮ್ಮ ಕಾರಿನ ನಗರ ಮೈಲೇಜ್ ಬೇಕಾದವರು ಟ್ಯಾಂಕ್ ತುಂಬಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಓಡಿದ ಕಿಲೋಮೀಟರನ್ನು ಎರಡನೆಯ ಬಾರಿ ಹಾಕಿಸಿದ ಲೀಟರಿನಿಂದ ಭಾಗಿಸಬೇಕು.