ಕಾಣೆಯಾದ ಗೀಟು

ಜ್ವರ ಬಂದಾಗ ತೆಪ್ಪಗೆ ಮಲಗಬೇಕು. ಮಲಗುವುದು ಬಿಟ್ಟು ಜ್ವರಮಾಪಕದೊಳಗಿನ ಪಾದರಸದ ಬಗ್ಗೆ ಓದಲು ಕುಳಿತದ್ದೇ ನಾನು ಮಾಡಿದ ಮೊದಲ ತಪ್ಪು.

ತೆರೆದದ್ದು ವಿಜ್ಞಾನದ ಒಂದು ಆಕರ ಜಾಲತಾಣ. ಅಚ್ಚುಕಟ್ಟಾದ ಪಟ್ಟಿ. ಪಾದರಸ, ಪರಮಾಣು ಸಂಖ್ಯೆ 80, ಕರಗುವ ಬಿಂದು 38.83 ಡಿಗ್ರಿ ಸೆಲ್ಸಿಯಸ್. ಎರಡು ಸಾಲು ಮುಂದೆ ಹೋದ ಕಣ್ಣು ತಾನಾಗಿಯೇ ಹಿಂದಕ್ಕೆ ಬಂತು. ಸಂಖ್ಯೆಯ ಎಡಕ್ಕೆ ಇರಬೇಕಾದ ಗೀಟು ಎಲ್ಲಿ? ಪಾದರಸ ಕರಗುವುದು ಸೊನ್ನೆಗಿಂತ 38.83 ಡಿಗ್ರಿ ಕೆಳಗೆ. ಆ ಪುಟವನ್ನು ನಂಬಿದರೆ ನನ್ನ ಕಂಕುಳಲ್ಲಿದ್ದದ್ದು ಬರೀ ಲೋಹದ ಕಡ್ಡಿ. ಜ್ವರ 101.9 ಫ್ಯಾರನ್‌ಹೀಟ್ ದಾಟುವ ತನಕ ಅದು ಕರಗುವುದೇ ಇಲ್ಲ, ಏರುವ ಮಾತಂತೂ ದೂರವೇ ಉಳಿಯಿತು. ನನಗಿದ್ದದ್ದು 101. ಅಂದರೆ ಅವರ ಲೆಕ್ಕದಲ್ಲಿ ನನ್ನ ಜ್ವರಕ್ಕೆ ಸಾಕ್ಷಿಯೇ ಇಲ್ಲ!

ಮೊಸರಿನಲ್ಲಿ ಕಲ್ಲು ಹುಡುಕುವವನು ಎಂದು ಮನೆಯವರು ನನ್ನನ್ನು ಆಡಿಕೊಳ್ಳುವುದುಂಟು. ಆದರೆ ಇಲ್ಲಿ ಹುಡುಕದೆಯೇ ಕಲ್ಲು ಸಿಕ್ಕಿತ್ತು. ಪುಟದ ಅಡಿಯಲ್ಲಿ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ, ‘ಸಂಪಾದಕ ಮಂಡಳಿಯನ್ನು ಸಂಪರ್ಕಿಸಿ’ ಎಂದಿತ್ತು. ಒತ್ತಿದೆ.

ಬಂದದ್ದು ಒಂದು ಅರ್ಜಿ. ‘ತಾವು ಯಾರು?’ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕ, ಗ್ರಂಥಪಾಲಕ, ಇತರೆ. ಜ್ವರ ಬಂದವನಿಗೆ ಪ್ರತ್ಯೇಕ ಕಲಂ ಇಲ್ಲದ್ದರಿಂದ ‘ಇತರೆ’ ಆದೆ. ‘ವಿಷಯ ಏನು?’ ತಾಂತ್ರಿಕ ದೋಷವೋ, ಮಾಹಿತಿ ದೋಷವೋ? ಗೀಟು ಬಿದ್ದುಹೋಗುವುದು ಯಾವ ಜಾತಿಯ ದೋಷ ಎಂದು ಐದು ನಿಮಿಷ ಯೋಚಿಸಿದೆ. ಕೊನೆಯ ಕಲಂ ‘ತಮ್ಮ ಆಕರ’. ಅದಕ್ಕೆ ಕೆಂಪು ನಕ್ಷತ್ರ ಬೇರೆ, ತುಂಬದೆ ಮುಂದೆ ಬಿಡುವುದಿಲ್ಲ. ಅಟ್ಟದಿಂದ ಹಳೆಯ ರಸಾಯನಶಾಸ್ತ್ರದ ಪುಸ್ತಕ ಇಳಿಸಿದೆ. ಪಾದರಸದ ಪುಟ ನೆಟ್ಟಗಿತ್ತು, ಪ್ರಕಟಣೆಯ ವರ್ಷವಿದ್ದ ಪುಟವನ್ನು ಗೆದ್ದಲು ತಿಂದಿತ್ತು.

ಆದರೆ ಹಟ ಹುಟ್ಟಿತ್ತು. ಹುಡುಕಾಡಿ, 1990ರ ಅಂತರರಾಷ್ಟ್ರೀಯ ತಾಪಮಾನ ಮಾಪಕವನ್ನೇ ಸಾಕ್ಷಿಗೆ ಕರೆತಂದೆ. ಪಾದರಸ ಘನ, ದ್ರವ, ಆವಿ ಮೂರೂ ಆಗಿ ಒಟ್ಟಿಗೆ ನಿಲ್ಲುವ ತಾಪ −38.8344 ಡಿಗ್ರಿ. ಲೋಕದ ತಾಪಮಾಪಕಗಳನ್ನು ಸರಿಹೊಂದಿಸಲು ಬಳಸುವ ನಿಗದಿತ ಬಿಂದುಗಳಲ್ಲಿ ಅದೂ ಒಂದು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತಾರಲ್ಲ, ಅದು. ಜೊತೆಗೆ 1759ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬ್ರೌನ್ ಎಂಬ ವಿಜ್ಞಾನಿ ಹಿಮಕ್ಕೆ ಆಮ್ಲ ಬೆರೆಸಿ ಪಾದರಸವನ್ನು ಹೆಪ್ಪುಗಟ್ಟಿಸಿದ್ದು, ಗಟ್ಟಿಯಾದದ್ದನ್ನು ಸುತ್ತಿಗೆಯಿಂದ ಬಡಿದು ನೋಡಿದ್ದು, ಎಲ್ಲವನ್ನೂ ಬರೆದೆ. ಐನೂರು ಅಕ್ಷರ ಮೀರುವಂತಿಲ್ಲ ಎಂದಿತು ಅರ್ಜಿ. ಬ್ರೌನ್‌ನನ್ನೂ ಅವನ ಸುತ್ತಿಗೆಯನ್ನೂ ಮನಸ್ಸಿಲ್ಲದ ಮನಸ್ಸಿನಿಂದ ಅಳಿಸಿ ಕಳಿಸಿದೆ.

ಮರುಕ್ಷಣವೇ ಸ್ವೀಕೃತಿ ಬಂತು. ‘ತಮ್ಮ ಸಲಹೆ ನಮಗೆ ಅಮೂಲ್ಯ. ಈ ಅಂಚೆಗೆ ಉತ್ತರಿಸಬೇಡಿ.’ ಕೆಳಗೆ ನನ್ನ ಪತ್ರದ ಪ್ರತಿ: ‘ತಾವು ಪಾದರಸದ ಕರಗುವ ಬಿಂದುವನ್ನು 38.83 ಎಂದು ಕೊಟ್ಟಿದ್ದೀರಿ. ಇದು ಅಕ್ಷಮ್ಯ. ಸರಿಯಾದದ್ದು 38.83.’

ಮೂರು ಸಲ ಓದಿದೆ. ಜ್ವರ ತಲೆಗೇರಿತೇ ಎಂದು ಹಣೆ ಮುಟ್ಟಿಕೊಂಡೆ. ಆಮೇಲೆ ಹೊಳೆಯಿತು. ಗಣಕದಲ್ಲಿ ಗೀಟುಗಳು ಒಂದೇ ಬಗೆಯವಲ್ಲ. ಕೀಲಿಮಣೆಯಲ್ಲಿರುವುದು ಪದ ಜೋಡಿಸಲಿಕ್ಕೂ ಸಂಖ್ಯೆ ಕಳೆಯಲಿಕ್ಕೂ ದುಡಿಯುವ ಬಡಪಾಯಿ ಗಿಡ್ಡ ಗೀಟು. ಗಣಿತದ ಅಸಲಿ ಮೈನಸ್‌ಗೆ ಬೇರೆಯದೇ ಸಂಕೇತವಿದೆ. ನಾನು ಮಾಪಕದ ಕಡತದಿಂದ ನಕಲಿಸಿ ಅಂಟಿಸಿದ್ದು ಆ ಅಸಲಿಯನ್ನು. ಅರ್ಜಿಗೆ ಅದರ ಪರಿಚಯವಿಲ್ಲ, ನುಂಗಿ ಸುಮ್ಮನಾಗಿದೆ. ಬಹುಶಃ ಅವರ ಪುಟದಲ್ಲಿಯೂ ಆದದ್ದು ಇದೇ ಇರಬೇಕು. ‘ಅಕ್ಷಮ್ಯ’ ಎಂಬ ಪದಕ್ಕಾಗಿ ಸ್ವಲ್ಪ ನಾಚಿಕೆಯಾಯಿತು.

ಇಷ್ಟಕ್ಕೂ ಸಂಪಾದಕರು ಮನುಷ್ಯರು. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡಾರ್ಡ್’ ಎಂಬ ಪದ ಅಚ್ಚಾಗಿತ್ತು, ಅರ್ಥ ಸಾಂದ್ರತೆ. ಅಂಥ ಪದವೇ ಇಲ್ಲ. ಸಾಂದ್ರತೆಗೆ ದೊಡ್ಡ ‘ಡಿ’ ಅಥವಾ ಚಿಕ್ಕ ‘ಡಿ’ ಸಂಕ್ಷೇಪ ಎಂದು ಯಾರೋ ಚೀಟಿಯಲ್ಲಿ ಬರೆದದ್ದನ್ನು, ನಡುವಿನ ‘ಆರ್’ (ಇಂಗ್ಲಿಷಿನ ‘ಅಥವಾ’) ಸಮೇತ ಒಂದೇ ಪದವಾಗಿ ಓದಿಕೊಂಡಿದ್ದರು. ಅದು ಸಂಪಾದಕರ ಕಣ್ಣಿಗೆ ಬಿದ್ದದ್ದು 1939ರಲ್ಲಿ. ಐದು ವರ್ಷ ಆ ಪದ ಮರ್ಯಾದಸ್ಥರ ನಡುವೆ ಹಾಯಾಗಿ ಕುಳಿತಿತ್ತು!

ಎರಡನೆಯ ಪತ್ರದಲ್ಲಿ ಯಾವ ಗೀಟನ್ನೂ ನಂಬದೆ ‘ಸೊನ್ನೆಗಿಂತ ಕೆಳಗೆ’ ಎಂದು ಅಕ್ಷರದಲ್ಲೇ ಬರೆದೆ. ನಾಲ್ಕನೆಯ ದಿನ, ಜ್ವರ ಬಿಟ್ಟ ಮೇಲೆ, ಉತ್ತರ ಬಂತು. ಈ ಸಲ ಮನುಷ್ಯರೇ ಬರೆದದ್ದು. ‘ಸರಿಪಡಿಸಿದ್ದೇವೆ, ವಂದನೆಗಳು. ಅಂದಹಾಗೆ, ಪತ್ರದ ಮೂರನೆಯ ಸಾಲಿನಲ್ಲಿ ತಾವು ಕರಗುವ ಬದಲು ಕುದಿಯುವ ಎಂದು ಬರೆದಿದ್ದೀರಿ. ಪಾದರಸ ಕುದಿಯುವುದು 356.73 ಡಿಗ್ರಿಯಲ್ಲಿ.’

ಇದಕ್ಕೆ ಪ್ರತಿಯಾಗಿ ಏನಾದರೂ ಸಿಕ್ಕೀತೇ ಎಂದು ತಿದ್ದಿದ ಪುಟ ತೆರೆದೆ. ಹೊಸದಾಗಿ ಫ್ಯಾರನ್‌ಹೀಟ್ ಕಲಂ ಸೇರಿಸಿದ್ದರು. −38.83 ಸೆಲ್ಸಿಯಸ್, ಅದರ ಪಕ್ಕದಲ್ಲೇ −37.89 ಫ್ಯಾರನ್‌ಹೀಟ್. ಸಿಕ್ಕಿಬಿದ್ದರು! ನೀರು ಕುದಿಯುವುದು ಒಂದರಲ್ಲಿ 100, ಇನ್ನೊಂದರಲ್ಲಿ 212. ಇಲ್ಲಿ ಮಾತ್ರ ಎರಡೂ ಒಡಹುಟ್ಟಿದವರಂತೆ ನಿಂತಿವೆಯಲ್ಲ! ‘ತಾವು ಒಂದೇ ಸಂಖ್ಯೆಯನ್ನು ಎರಡು ಕಡೆ ಹಾಕಿ ಕೊಂಚ ಬದಲಿಸಿದಂತಿದೆ’ ಎಂದು ಬರೆದು, ಕರಗು, ಕುದಿ ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿ, ಕಳಿಸಿದೆ.

ಕಳಿಸಿದ ಮೇಲೆ ಲೆಕ್ಕ ಹಾಕಿದೆ. ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, 32 ಕೂಡಿಸಿದರೆ −37.89. ಇನ್ನೂ ಸ್ವಲ್ಪ ಕೆಳಗಿಳಿದು −40ಕ್ಕೆ ಹೋದರೆ ಎರಡು ಮಾಪಕಗಳೂ ಒಂದೇ ಸಂಖ್ಯೆ ತೋರಿಸುತ್ತವೆ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ ಕೂಡ.

ಅಷ್ಟರಲ್ಲಿ ಸ್ವೀಕೃತಿ ಬಂದಿತ್ತು, ಕೆಳಗೆ ನನ್ನ ಪತ್ರದ ಪ್ರತಿ. ಅರ್ಜಿಯನ್ನೂ ದುರಸ್ತಿ ಮಾಡಿದ್ದರೆಂದು ಕಾಣುತ್ತದೆ. ಈ ಸಲ ಮೈನಸ್ ಗುರುತುಗಳು ಒಂದೂ ಬಿಡದೆ ಉಳಿದುಕೊಂಡಿದ್ದವು.