ಸ್ಪಷ್ಟನೆ: ಡೆಕಾಥ್ಲಾನ್ ಬೇರೆ, ಟ್ರ್ಯಾಕ್ ಅಂಡ್ ಫೀಲ್ಡ್ ಬೇರೆ

ಟಿವಿಗೆ ಜೋಡಿಸುವ ಹಳೆಯ ವಿಡಿಯೋ ಗೇಮ್ ಯಂತ್ರ ಅಟಾರಿ 2600ರಲ್ಲಿ ಆಡುತ್ತಿದ್ದ ‘ಆಕ್ಟಿವಿಷನ್ ಡೆಕಾಥ್ಲಾನ್’ ಎಂದರೆ ಜಪಾನಿನ ಗೇಮ್ ಕಂಪನಿ ಕೊನಾಮಿಯ ‘ಟ್ರ್ಯಾಕ್ ಅಂಡ್ ಫೀಲ್ಡ್’ ಆಟದ್ದೇ ಮನೆ ಆವೃತ್ತಿ ಎಂಬ ಸಂದೇಶ ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಎರಡೂ 1983ರವು, ಗೊಂದಲಕ್ಕೆ ಅದೇ ಕಾರಣವಿರಬೇಕು.

ಡೆಕಾಥ್ಲಾನ್ ರೂಪಿಸಿದವರು ಆಕ್ಟಿವಿಷನ್ ಕಂಪನಿಯ ಡೇವಿಡ್ ಕ್ರೇನ್. 100 ಮೀಟರ್ ಓಟದಿಂದ ಹಿಡಿದು 1500 ಮೀಟರ್‌ವರೆಗೆ ಹತ್ತು ಸ್ಪರ್ಧೆ. ಓಡಬೇಕೆಂದರೆ ಆಟ ನಿಯಂತ್ರಿಸುವ ಹಿಡಿಕೋಲನ್ನು (ಜಾಯ್‌ಸ್ಟಿಕ್) ಎಡಕ್ಕೂ ಬಲಕ್ಕೂ ಎಡೆಬಿಡದೆ ಅಲ್ಲಾಡಿಸಬೇಕು. ಕೈ ಸೋತರೆ ಓಟಗಾರನೂ ಸೋತ. (ಜಾಯ್‌ಸ್ಟಿಕ್‌ಗಳ ಪಾಡು ಕೇಳಲೇಬೇಡಿ.) ಕೊನಾಮಿಯ ಆರ್ಕೇಡ್ ಯಂತ್ರದಲ್ಲಿ (ಗೇಮ್ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವಂಥದ್ದು) ಆರೇ ಸ್ಪರ್ಧೆ, ಗುಂಡಿ ಬಡಿದೇ ಓಟ. ಅದರ ಅಟಾರಿ 2600 ಆವೃತ್ತಿ 1984ರಲ್ಲಿ ಪ್ರತ್ಯೇಕವಾಗಿಯೇ ಬಂತು, ಮೂರು ಗುಂಡಿಯ ಕಂಟ್ರೋಲರ್ ಸಮೇತ.

ಅಡ್ಮಿನ್‌ಗಳು ಆ ಸಂದೇಶ ಅಳಿಸಿದರೆ ಒಳ್ಳೆಯದು.